ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟ ಮನಸ್ಸು

"ಇದರಲ್ಲಿ ಚೆನ್ನಾಗಿ ಕಾಣುತ್ತಾ... ಇಲ್ಲಾ, ಇದರಲ್ಲಾ?"

"ಎರಡೂ ಒಂದೇ ಥರ ಇದೆ ಮೇಡಂ."

"ಸರಿಯಾಗಿ ನೋಡಿ. ಒಂದು... ಎರಡು..."

"ಒಂದೇ ಥರ!"

ಅವಳು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು. ಕನ್ನಡಕದ ಅಂಗಡಿಯ ಹಿಂದಿನ ಆ ಪುಟ್ಟ ಕತ್ತಲೆ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತು ಜನರ ಕಣ್ಣು ಪರೀಕ್ಷಿಸುವವಳು ಅವಳು. ಎದುರು ಕುಳಿತವನು ಅಕ್ಷರದ ಬೋರ್ಡ್ ನೋಡುತ್ತಿದ್ದಾನೋ ಇಲ್ಲವೋ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮಹಾಶಯ ನೋಡುತ್ತಿದ್ದದ್ದು ಬೋರ್ಡನ್ನಲ್ಲ. ಅವಳನ್ನು!



'ಯಾಕೆ ಹೀಗೆ ನೋಡ್ತಿದ್ದಾನೆ? ನನ್ನ ದನಿ ಕೇಳಿ ಗೊತ್ತಾಯ್ತಾ? ಈಗ ಏನಾದ್ರೂ ಅಂತಾನಾ?'

ದಿಟ್ಟಿಸುವವರು ಅವಳಿಗೆ ಹೊಸಬರಲ್ಲ. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ಇಪ್ಪತ್ನಾಲ್ಕು ವರ್ಷ ಒದ್ದಾಡಿ, ಕೊನೆಗೆ ತಾನು ಹೆಣ್ಣೆಂದು ಗಟ್ಟಿಯಾಗಿ ಹೇಳಿ ಹಾಗೆಯೇ ಬದುಕುತ್ತಿರುವವಳು. ಕೆಲವರ ನೋಟದಲ್ಲಿ ಕುಹಕ ಇರುತ್ತಿತ್ತು, ಕೆಲವರದ್ದರಲ್ಲಿ ಕರುಣೆ. ಇವನ ನೋಟದಲ್ಲಿ ಎರಡೂ ಕಾಣಲಿಲ್ಲ. ಹಾಗಾದರೆ ಏನಿತ್ತು?

"ತಪ್ಪು ತಿಳ್ಕೋಬೇಡಿ ಮೇಡಂ... ನೀವು ಥೇಟ್ ನಿಮ್ಮಕ್ಕನ ಹಾಗೇ ಹುಬ್ಬು ಗಂಟು ಹಾಕ್ತೀರಿ."

"ನಮ್ಮಕ್ಕ ನಿಮಗೆ ಗೊತ್ತಾ?"

"ಮೂರನೇ ಮಹಡಿ ಸಿಸ್ಟರ್ ಅಲ್ವಾ? ಆ ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡೋನು ನಾನೇ. ನಿನ್ನೆ ಮೂರನೇ ಮಹಡಿ ಬಟನ್ನಿಗೆ ಐದನೇ ಮಹಡಿ ವೈರ್ ಸೇರಿಸ್ಬಿಟ್ಟೆ. ಸಿಸ್ಟರ್ ಚೆನ್ನಾಗಿ ಉಗಿದು, 'ಮೊದ್ಲು ಹೋಗಿ ನನ್ನ ತಂಗಿ ಹತ್ರ ಕಣ್ಣು ತೋರಿಸ್ಕೊಳ್ಳಿ' ಅಂತ ಕಳಿಸಿದ್ರು."

ನನ್ನ ತಂಗಿ! ಅಕ್ಕ ಊರಿಗೆಲ್ಲ ಹಾಗೆಯೇ ಹೇಳುತ್ತಿದ್ದಳು. 'ನಿಮ್ಮ ತಂಗಿ ಟ್ರಾನ್ಸ್ ಅಂತೆ' ಎಂದು ಮುಸಿಮುಸಿ ನಕ್ಕವನಿಗೆ ವಾರ್ಡಿನ ನಡುವೆಯೇ ನೀರಿಳಿಸಿದ್ದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಹಾಗಾದರೆ ಇವನಿಗೂ ಎಲ್ಲ ಗೊತ್ತು... ಗೊತ್ತಿದ್ದೂ ಹೀಗೆ ನೋಡುತ್ತಿದ್ದಾನೆ!

"ಅಲ್ಲಿ ಎಲ್ಲರೂ ನನ್ನನ್ನ ಲಿಫ್ಟಣ್ಣ ಅಂತಾರೆ. ನೀವೂ ಹಾಗೇ ಕರೀಬಹುದು."

"ನಾನು ಅಣ್ಣ ಅನ್ನಲ್ಲ!"

ಬಾಯಿ ತಪ್ಪಿ ಬಂದುಬಿಟ್ಟಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಕೋಣೆಯಲ್ಲಿ ಕತ್ತಲೆ ಇದ್ದದ್ದು ಒಳ್ಳೆಯದೇ ಆಯಿತು.

ಅವನಿಗೆ ಹತ್ತಿರದ ಕೆಲಸಕ್ಕಷ್ಟೇ ಕನ್ನಡಕ ಬೇಕಿತ್ತು. ಅದಿಲ್ಲದಿದ್ದರೆ ಕೈಯಲ್ಲಿ ಹಿಡಿದ ಕಾಗದವೂ ಅವನಿಗೆ ಬರೀ ಬಿಳಿ. ಕನ್ನಡಕ ಸಿಕ್ಕ ಮೂರನೆಯ ದಿನವೇ ಅವನು ಮತ್ತೆ ಹಾಜರಾದ.

"ಮೇಡಂ, ಜಾರ್ತಿದೆ."

ಅವಳು ಸರಿ ಮಾಡಿಕೊಟ್ಟಳು. ಮುಂದಿನ ವಾರ, "ಕಿವಿ ಹತ್ರ ಒತ್ತುತ್ತೆ." ಅದರ ಮುಂದಿನ ವಾರ, "ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗಿದೆ."

"ಹತ್ತು ವರ್ಷ ಬಾಳಿಕೆ ಬರೋ ಫ್ರೇಮು ಅದು," ಎಂದರು ಅಂಗಡಿಯ ಯಜಮಾನರು. "ಇವನು ಬೇಕಂತಲೇ ಬಗ್ಗಿಸಿಕೊಂಡು ಬರ್ತಾನಮ್ಮ! ಬಸ್ಸಿನಲ್ಲಿ ಕೂತು ಬಗ್ಗಿಸ್ತಿದ್ದದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

ಅವಳು ನಕ್ಕಳು. ನಕ್ಕ ಮರುಗಳಿಗೆಯೇ ಭಯವಾಯಿತು. ಈ ನಗು ನಿಜವಾದದ್ದಾ?

ಓದುಗರೇ, ಈ ಹುಡುಗಿಗೆ ನಗುವುದಕ್ಕೇಕೆ ಭಯ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಮೂರು ವರ್ಷದ ಹಿಂದೆ ಅವಳು ಮನೆಯಲ್ಲಿ ಎಲ್ಲವನ್ನೂ ಹೇಳಿದ ದಿನ ಅಪ್ಪ ಕೂಗಾಡಲಿಲ್ಲ. "ಸರಿ, ನಿನ್ನಿಷ್ಟದ ಹಾಗೇ ಆಗು. ಆಮೇಲಾದ್ರೂ ನೆಮ್ಮದಿಯಾಗಿರ್ತೀಯಾ ನೋಡ್ತೀನಿ," ಎಂದಷ್ಟೇ ಹೇಳಿ ಬಾಗಿಲು ತೋರಿಸಿದರು. ಅಕ್ಕ ತನ್ನ ಬಟ್ಟೆಯನ್ನೂ ಚೀಲಕ್ಕೆ ತುಂಬಿಕೊಂಡು ತಂಗಿಯ ಜೊತೆ ಹೊರಟಳು. ಅಕ್ಕನಿಗೆ ಗೊತ್ತಾಗಿದ್ದ ಮದುವೆಯೂ ಅದೇ ವಾರ ಮುರಿಯಿತು.

ಆಮೇಲೆ ಅವಳು ಅಂದುಕೊಂಡಂತೆಯೇ ಬದುಕಿದಳು. ಕನ್ನಡಿಯಲ್ಲಿ ಕೊನೆಗೂ ತನ್ನದೇ ಮುಖ ಕಂಡಿತು. ಆದರೂ... ಕೆಲವು ಬೆಳಗ್ಗೆ ಹಾಸಿಗೆಯಿಂದ ಏಳಲು ಕೈಕಾಲೇ ಬರುತ್ತಿರಲಿಲ್ಲ. ಅಳುವೂ ಬಾರದಂಥ ದುಃಖ. ಚಿಕ್ಕಂದಿನಿಂದ ಅಡಗಿಕೊಂಡು, ಹೆದರಿಕೊಂಡು, ತನ್ನನ್ನೇ ಬೈದುಕೊಂಡು ಬೆಳೆದ ಮನಸ್ಸು ಒಂದೇ ದಿನಕ್ಕೆ ಸರಿಯಾಗುವುದಿಲ್ಲ, ಬೀದಿಯಲ್ಲಿ ದಿನವೂ ಕೇಳುವ ಮಾತುಗಳು ಸರಿಯಾಗಲು ಬಿಡುವುದೂ ಇಲ್ಲ ಎಂದು ಮನೋವೈದ್ಯೆ ವಿವರಿಸಿದ್ದರು. ಮಾತ್ರೆ ಕೊಟ್ಟಿದ್ದರು. ದಿನವೂ ಮನಸ್ಸು ಹೇಗಿತ್ತೆಂದು ಹತ್ತಕ್ಕೆ ಇಷ್ಟು ಎಂದು ಬರೆದಿಡಲು ಹೇಳಿದ್ದರು.

ಅಕ್ಕನಿಗೆ ಇದನ್ನು ಹೇಳುವುದು ಹೇಗೆ? 'ನನಗಾಗಿ ಎಲ್ಲಾ ಬಿಟ್ಟು ಬಂದವಳು. ಬೇಕಾದ್ದು ಸಿಕ್ಕ ಮೇಲೂ ಕೊರಗ್ತಿದ್ದೀನಿ ಅಂದ್ರೆ ಏನು ತಿಳ್ಕೋತಾಳೆ? ಅಪ್ಪನ ಮಾತೇ ನಿಜ ಆಯ್ತು ಅಂತಲ್ವಾ? ಹೆಣ್ಣಾಗಿದ್ದೇ ತಪ್ಪು ಅಂತ ಎಲ್ಲರೂ ಅಂದುಬಿಟ್ರೆ...?'

ಹಾಗಾಗಿ ಅವಳು ಮನೆಯಲ್ಲಿ ಸದಾ ನಗುತ್ತಿದ್ದಳು. ಮಾತ್ರೆಗಳು ಮತ್ತು ಬರೆದಿಟ್ಟ ಚೀಟಿ ಅಂಗಡಿಯ ಡ್ರಾಯರಿನಲ್ಲಿ ಒಂದು ಕಪ್ಪು ಕನ್ನಡಕದ ಡಬ್ಬಿಯೊಳಗೆ ಇರುತ್ತಿದ್ದವು. ಅಂಥ ನೂರು ಡಬ್ಬಿಗಳ ನಡುವೆ ಇನ್ನೊಂದು.

ಇತ್ತೀಚೆಗೆ ಆ ಚೀಟಿಯೇ ಅವಳ ತಲೆಯನ್ನು ಮೊಸರು ಗಡಿಗೆ ಮಾಡಿತ್ತು. ಉಳಿದ ದಿನ 3, 4, ಮತ್ತೆ 3. 'ಲಿಫ್ಟ್‌ನವರು ಬಂದರು' ಎಂದು ಬರೆದ ದಿನ ಮಾತ್ರ 7. ಆ ಏಳರ ಪಕ್ಕದಲ್ಲಿ ಪ್ರತಿ ಸಲವೂ ಒಂದು ಪ್ರಶ್ನೆ ಚಿಹ್ನೆ.

'ಇದು ಪ್ರೀತಿಯಾ? ಮಾತ್ರೆಯ ಕೆಲಸವಾ? ಅವರಿಗೆ ನನ್ನ ಮೇಲಿರೋದು ಬರೀ ಕುತೂಹಲವಾ? ಅಯ್ಯೋ... ನನಗೇ ನಾನು ಅರ್ಥ ಆಗ್ತಿಲ್ಲವಲ್ಲ!'

ಅವತ್ತು ಬೆಳಗ್ಗೆ ಅವನು ಬಂದಾಗ ಯಜಮಾನರು ಸುಮ್ಮನಿರಲಾರದೆ, "ಏನಪ್ಪಾ, ಇವತ್ತು ಯಾವ ಕಡೆ ಬಗ್ಗಿಸಿದೆ?" ಎಂದುಬಿಟ್ಟರು. ಅವನ ಕಿವಿಯ ತುದಿ ಕೆಂಪಾಯಿತು. ಅವಳಿಗಂತೂ ಕೈಯೇ ಓಡಲಿಲ್ಲ. ಸ್ಕ್ರೂ ಹುಡುಕಲು ಡ್ರಾಯರ್ ಎಳೆದಳು, ಅಡ್ಡ ಬಂದ ತನ್ನ ಡಬ್ಬಿಯನ್ನು ಅವನ ಅಂಥದೇ ಕಪ್ಪು ಡಬ್ಬಿಯ ಪಕ್ಕ ಹೊರಗಿಟ್ಟಳು, ಫ್ರೇಮ್ ಸರಿಮಾಡಿ ಡಬ್ಬಿಗೆ ಹಾಕಿದಳು, ಡಬ್ಬಿ ಕೊಟ್ಟಳು. ಅವನು ಅದನ್ನು ಜೇಬಿಗಿಳಿಸಿ, ಇಬ್ಬರ ಮುಖವನ್ನೂ ನೋಡದೆ ಓಡಿದ.

ಮಧ್ಯಾಹ್ನ ಊಟವಾದ ಮೇಲೆ ಮಾತ್ರೆಗೆಂದು ಡಬ್ಬಿ ತೆರೆದಳು.

ಒಳಗೆ ಅವನ ಕನ್ನಡಕ!

ಅಷ್ಟರಲ್ಲೇ ಫೋನ್ ಬಡಿದುಕೊಂಡಿತು. ಅಕ್ಕ.

"ಪುಟ್ಟೀ... ಈ ಮಾತ್ರೆ ಎಷ್ಟು ದಿನದಿಂದ ತಗೋತಿದ್ದೀಯೇ? ಚೀಟಿ ಮೇಲಿರೋದು ನಿನ್ನ ಅಕ್ಷರಾನೇ. ಇವರು ನನ್ನ ಮೇಜಿನ ಹತ್ರ ಡಬ್ಬಿ..."

ಅವಳು ಫೋನ್ ಕತ್ತರಿಸಿದಳು.

'ನೇರ ಅಕ್ಕನ ಹತ್ರಾನೇ ಒಯ್ದು ಕೊಟ್ರಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ! ಚೀಟೀನೂ ಓದಿರ್ತಾರೆ. ಆ ಏಳನ್ನೂ...'

ಉಸಿರು ಸಿಗಲಿಲ್ಲ. ಕತ್ತಲೆ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ಪರೀಕ್ಷೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು, ಎರಡು ಕೈಯಲ್ಲೂ ಎದೆ ಹಿಡಿದುಕೊಂಡಳು. ಯಜಮಾನರು ಎರಡು ಸಲ ಬಾಗಿಲು ಬಡಿದರು. ಆಮೇಲೆ ಬಡಿಯುವುದು ನಿಂತಿತು.

ಎಷ್ಟು ಹೊತ್ತಾಯಿತೋ, ಬಾಗಿಲಿನ ಆಚೆ ಬೇರೊಂದು ದನಿ ಕೇಳಿತು.

"ಮೇಡಂ, ನಾನು. ಹೊರಗಡೆ ನಿಂತಿದ್ದೀನಿ. ಬಾಗಿಲು ತೆಗೀಬೇಕು ಅಂತೇನಿಲ್ಲ. ನಿಧಾನಕ್ಕೆ ಉಸಿರಾಡಿ."

ಅವಳು ಮಂಡಿಯ ಮೇಲೆ ತಲೆಯೂರಿ ಕೇಳಿಸಿಕೊಂಡಳು.

"ಲಿಫ್ಟ್ ನಡುವೆ ಸಿಕ್ಕಿಕೊಂಡಾಗ ಒಳಗಿರೋರಿಗೆ ನಾವು ಮೊದಲು ಹೇಳೋ ಮಾತೇ ಇದು. ಹೊರಗೆ ಒಬ್ಬರು ಇದ್ದಾರೆ ಅಂತ ಗೊತ್ತಾದ್ರೆ ಗಾಳಿ ಸಾಲುತ್ತೆ. ಬೇಗ ಬೇಗ ಅಂತ ಬಾಗಿಲು ಎಳೆದ್ರೆ ಇನ್ನೂ ಕೆಡುತ್ತೆ. ನನಗೆ ಸಂಜೆವರೆಗೆ ಬೇರೆ ಕೆಲಸ ಇಲ್ಲ."

ಅವನು ಹೇಳಿದ ಹಾಗೆಯೇ ಉಸಿರು ಒಂದಿಷ್ಟು ಹಿಡಿತಕ್ಕೆ ಬಂತು. ಅದಕ್ಕೂ ಅವಳಿಗೆ ಸಿಟ್ಟು ಬಂತು!

"ನಮ್ಮಕ್ಕನಿಗೆ ಯಾಕೆ ತೋರಿಸಿದ್ರಿ?"

"ತೋರಿಸಲಿಲ್ಲ ಮೇಡಂ! ನಿನ್ನೆ ರಿಪೇರಿ ಮಾಡಿದ ಲಿಫ್ಟ್ ಸರಿಯಾಯ್ತು ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಕನ್ನಡಕ ತೆಗೆಯೋಣ ಅಂತ ಸಿಸ್ಟರ್ ಮುಂದೆ ಡಬ್ಬಿ ತೆರೆದೆ... ಎಲ್ಲಾ ಅವರ ಮೇಜಿನ ಮೇಲೆ ಬಿತ್ತು. ನಾನು ಬೆಪ್ಪನ ಹಾಗೆ ನಿಂತುಬಿಟ್ಟೆ."

ಈಗ ಅಕ್ಕನ ದನಿ. ಓಡಿ ಬಂದ ಏದುಸಿರು ಇನ್ನೂ ಇತ್ತು.

"ಪುಟ್ಟೀ, ನನಗೆ ಯಾಕೇ ಹೇಳಲಿಲ್ಲ?"

"ಹೇಳಿದ್ರೆ... ಹೆಣ್ಣಾಗಿದ್ದಕ್ಕೇ ಹೀಗಾಯ್ತು ಅಂತ ನೀನೂ ಅಂದ್ಕೊಂಡ್ರೆ ಅಂತ ಹೆದರಿಕೆ ಅಕ್ಕಾ! ಅದಲ್ಲ ಕಣೇ. ಹೆಣ್ಣಾಗಿರೋದೊಂದೇ ನನಗೆ ಗೊಂದಲ ಇಲ್ಲದ ವಿಷಯ. ಉಳಿದಿದ್ದೆಲ್ಲ... ಯಾಕೆ ದುಃಖ ಅಂತ ನನಗೇ ಗೊತ್ತಾಗಲ್ಲ. ನೀನು ನನಗಾಗಿ ಎಲ್ಲಾ ಬಿಟ್ಟು ಬಂದೆ. ನಾನು ಖುಷಿಯಾಗಿ ಇರಲೇಬೇಕಲ್ವಾ?"

ಆಚೆ ಅಕ್ಕ ಮೂಗೊರೆಸಿಕೊಂಡದ್ದು ಕೇಳಿತು.

"ನೀನು ದಿನಾ ನಗ್ತಾ ಇರಲಿ ಅಂತ ನಾನು ಬರಲಿಲ್ಲ ಕಣೇ ಹುಚ್ಚೀ. ನೀನು ಬದುಕಿರಲಿ ಅಂತ ಬಂದೆ. ಅಷ್ಟೇ. ಅಳೋದಾದ್ರೆ ಮನೆಯಲ್ಲೇ ಅಳು, ನಾನೂ ಪಕ್ಕದಲ್ಲಿ ಕೂತ್ಕೋತೀನಿ. ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

"ಹ್ಞೂಂ..." ಎನ್ನುವಷ್ಟರಲ್ಲಿ ಎಷ್ಟೋ ತಿಂಗಳಿಂದ ಬಾರದ ಅಳು ಒಮ್ಮೆಲೇ ಬಂದುಬಿಟ್ಟಿತು.

ಅಕ್ಕ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಯಜಮಾನ್ರೇ, ನನಗೊಂದು ಲೋಟ ಟೀ ಕೊಡಿಸ್ತೀರಾ?" ಎನ್ನುತ್ತಾ ಅವರನ್ನು ಬಲವಂತವಾಗಿ ಬೀದಿಗೆ ಎಳೆದುಕೊಂಡು ಹೋದಳು.

ಬಾಗಿಲ ಆಚೆ ಈಗ ಅವನೊಬ್ಬನೇ.

"ಚೀಟಿ... ಓದಿದ್ರಾ?"

"ಹೇಗೆ ಓದಲಿ ಮೇಡಂ? ಕನ್ನಡಕ ನಿಮ್ಮ ಹತ್ರ ಇತ್ತಲ್ಲ!"

ಅವಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ಹೌದಲ್ಲ! ಇವನ ಕಣ್ಣನ್ನು ಪರೀಕ್ಷೆ ಮಾಡಿದವಳು ತಾನೇ. ಅಂದರೆ ಇವನಿಗೆ ಇನ್ನೂ ಏನೂ ಗೊತ್ತಿಲ್ಲ. ಚೀಟಿಯನ್ನು ಮಡಚಿ ಒಳಗಿಟ್ಟುಕೊಂಡರೆ ಎಲ್ಲ ಮೊದಲಿನಂತೆಯೇ ಇರುತ್ತದೆ... ಮೊದಲಿನಂತೆ ಇರಬೇಕಾ?

ಅವಳು ಎದ್ದು ಚಿಲಕ ತೆಗೆದಳು.

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಅವನ ಕನ್ನಡಕವನ್ನು ತಾನೇ ಅವನ ಮೂಗಿನ ಮೇಲೆ ಕೂರಿಸಿದಳು. ಡಬ್ಬಿಯಿಂದ ಚೀಟಿ ತೆಗೆದು ಅವನ ಮುಂದೆ ಹಿಡಿದಳು.

"ಈಗ ಓದಿ."

ಅವನು ಓದಿದ. ಮೇಲಿನಿಂದ ಕೆಳಗೆ, ಒಂದು ಸಲ. ಮತ್ತೆ ಇನ್ನೊಂದು ಸಲ.

"ಏಳರ ಪಕ್ಕ ಈ ಪ್ರಶ್ನೆ ಚಿಹ್ನೆ ಯಾಕೆ?"

"ಅದು ನಿಜವಾದ ಖುಷಿನಾ ಅಂತ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ."

"ನನಗೂ ಬಹಳ ವಿಷಯ ಗೊತ್ತಾಗಲ್ಲ. ಆದರೆ ಇಷ್ಟು ದಿನ ಬಸ್ಸಿನಲ್ಲಿ ಕೂತು ಫ್ರೇಮ್ ಬಗ್ಗಿಸಿದ್ದು ಯಾಕೆ ಅಂತ ಮಾತ್ರ ಚೆನ್ನಾಗಿ ಗೊತ್ತು." ಅವನು ಚೀಟಿಯಿಂದ ತಲೆ ಎತ್ತಿದ. "ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ತಲೆ ತಗ್ಗಿಸಿದಳು. ಬೇಕೆಂದು ಎಷ್ಟೋ ಸಲ ಕನಸು ಕಂಡ ಮಾತು! ಈಗ ಕೈಗೆ ಸಿಕ್ಕಾಗ ಹಿಡಿದುಕೊಳ್ಳಲು ಹೆದರಿಕೆ.

"ನನಗೂ ಇಷ್ಟ. ಆದ್ರೆ ಎಲ್ಲಾ ದಿನ ಏಳು ಇರಲ್ಲ. ನೀವು ಬಂದ ದಿನವೂ ಎರಡು ಆಗಬಹುದು, ಒಂದೂ ಆಗಬಹುದು. ಆ ದಿನ ನಾನು ನಗಲ್ಲ, ಮಾತಾಡಲ್ಲ. ಆಗ ನಾನು ನಿಮಗೆ ಹೇಗೆ ಕಾಣ್ತೀನಿ?"

"ಎರಡೂ ಒಂದೇ ಥರ."

"ಸುಳ್ಳು! ಸರಿಯಾಗಿ ನೋಡಿ ಹೇಳಿ."

ಅವನು ನಿಜವಾಗಿಯೂ ನೋಡಿದ. ಅತ್ತು ಕೆಂಪಾದ ಕಣ್ಣು, ಹಣೆಗೆ ಅಂಟಿದ ಕೂದಲು, ಅಕ್ಕನಂತೆಯೇ ಗಂಟು ಹಾಕಿದ ಹುಬ್ಬು. ಈ ಸಲ ಅವಸರದಲ್ಲಿ ಉತ್ತರ ಕೊಡಲಿಲ್ಲ.

"ಎರಡನೇದು ಸ್ವಲ್ಪ ಮಸುಕು," ಎಂದ ಮೆಲ್ಲಗೆ. "ಆದ್ರೂ ನೀವೇ ಅಂತ ಗೊತ್ತಾಗುತ್ತೆ."

ಅವಳಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ತಿಳಿಯದಿದ್ದರೂ ಪರವಾಗಿಲ್ಲ ಎಂದು ಮೊದಲ ಬಾರಿಗೆ ಅನಿಸಿತು.

"ನಾಳೆ ಬರ್ಲಾ?" ಎಂದು ಅವನು ಕೇಳಿದ.

"ಬನ್ನಿ," ಎಂದಳು ಅವಳು, ಅವನ ಕನ್ನಡಕದ ಕಡ್ಡಿಯನ್ನು ಮೆಲ್ಲಗೆ ಸರಿಪಡಿಸುತ್ತಾ. "ಆದ್ರೆ ಬಗ್ಗಿಸದೇ ಬನ್ನಿ."