ಮೊದಲ ಹಾಳೆ ಇಲ್ಲದ ಕಾದಂಬರಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರಕಾಶಕರು ಠಾಣೆಗೆ ಬಂದು ದೂರು ಕೊಟ್ಟರು. ಬುಧವಾರ ಬಿಡುಗಡೆಯಾಗಬೇಕಿದ್ದ ಕಾದಂಬರಿಯ, ಇನ್ನೂ ಮುಖಪುಟ ಅಂಟಿಸಿರದ ಐನೂರು ಪ್ರತಿಗಳಲ್ಲೂ ಲೇಖಕರ ಹೆಸರಿದ್ದ ಮೊದಲ ಹಾಳೆಯನ್ನು ಯಾರೋ ಕತ್ತರಿಸಿ ಒಯ್ದಿದ್ದರು.

"ಹೊಟ್ಟೆಕಿಚ್ಚಿನ ಕೆಲಸ ಸಾರ್. ಆ ಹೆಸರು ನೋಡೇ ಜನ ಪುಸ್ತಕ ಕೊಳ್ಳೋದು!"

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಗೋದಾಮಿಗೆ ಹೋದರು. ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಹೊಟ್ಟೆಕಿಚ್ಚಿನವನಾಗಿದ್ದರೆ ಕೈಗೆ ಸಿಕ್ಕಂತೆ ಹರಿದು ಬಿಸಾಡುತ್ತಿದ್ದ. ಇಲ್ಲಿ ಒಂದು ಪುಸ್ತಕದ ಹೊಲಿಗೆಗೂ ಪೆಟ್ಟಾಗಿರಲಿಲ್ಲ. ಎಷ್ಟು ಜೋಪಾನವಾಗಿ ಕತ್ತರಿಸಿದ್ದಾನಲ್ಲ ಪುಣ್ಯಾತ್ಮ ಎಂದುಕೊಂಡರು.

"ಶನಿವಾರ ಬೀಗ ಹಾಕೋ ಮುಂಚೆ ಒಳಗೆ ಯಾರಿದ್ರು?" ಗೋದಾಮಿನ ಬೀಗದ ಕೈ ಇಟ್ಟುಕೊಂಡಿದ್ದ ಬೈಂಡರನನ್ನು ಕೇಳಿದರು.

"ಸಾಹಿತಿಗಳೊಬ್ಬರೇ. ಸಹಿ ಹಾಕೋಕೆ ಕೂರಿಸಿದ್ವಿ. ಬಾಗಿಲು ಹಾಕ್ಕೊಂಡು ಸಂಜೆವರೆಗೂ ಕೂತಿದ್ರು."

"ಸಹಿ ಆಗಿದ್ಯಾ ಅಂತ ತೆಗೆದು ನೋಡಿದ್ರಾ?"

"ಅಷ್ಟು ದೊಡ್ಡೋರ ಕೆಲಸ ನಾವೇನು ನೋಡೋದು ಸಾರ್?"

ಜೊತೆಗೆ ಬಂದಿದ್ದ ಪ್ರಕಾಶಕರು ಸಿಡುಕಿದರು. "ಬರೆದೋರ ಮೇಲೇ ಅನುಮಾನಾನಾ? ಬೇಲಿ ಎದ್ದು ಹೊಲ ಮೇಯುತ್ತಾ?"

ಮೇಯುವುದನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದರು.

ಸಾಹಿತಿಗಳ ಮನೆಯಲ್ಲಿ ಮಂಚದ ಪಕ್ಕ ಒಂದು ಕುರ್ಚಿ ಇತ್ತು. ಮಂಚದ ಮೇಲೆ, ಹೆಂಡತಿ ಮಲಗುತ್ತಿದ್ದ ಜಾಗದಲ್ಲಿ, ಕತ್ತರಿಸಿದ ಹಾಳೆಗಳು. ಅವರು ಏನನ್ನೂ ಬಚ್ಚಿಡಲಿಲ್ಲ.

"ನಿಮ್ಮ ಹೆಸರನ್ನ ನೀವೇ ಯಾಕೆ ಕತ್ತರಿಸಿದ್ರಿ?"

"ಕತೆ ಅವಳದು. ಮೂರು ವರ್ಷ ಇದೇ ಹಾಸಿಗೇಲಿ ಮಲಗಿ ಹೇಳಿದ್ಲು, ನಾನು ಬರ್ಕೊಂಡೆ. ಒಂದು ಮಾತು ಆಚೀಚೆ ಮಾಡಿದ್ರೂ ತಿದ್ದಿಸ್ತಿದ್ಲು. 'ಈ ಸಲ ನನ್ನ ಹೆಸರು ಹಾಕಿಸ್ತೀರಾ?' ಅಂತ ಒಂದೇ ಒಂದು ಸಲ ಕೇಳಿದ್ಲು. ಮುಂದಿನದಕ್ಕೆ ನೋಡೋಣ ಅಂದೆ." ಹಾಳೆಯೊಂದನ್ನು ನೇರ ಮಾಡಿಟ್ಟರು. "ಹೋದ ತಿಂಗಳು ಹೋಗ್ಬಿಟ್ಲು. ಹೆಂಡ್ತಿ ಹೆಸರು ಹಾಕಿ ಅಂತ ಪ್ರಕಾಶಕರ ಕಾಲು ಹಿಡಿದೆ. 'ದುಃಖದಲ್ಲಿದ್ದೀರಿ, ಸುಧಾರಿಸ್ಕೊಳ್ಳಿ' ಅಂದ್ರು."

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ಠಾಣೆಯಲ್ಲಿ ಪೇದೆ ಹೇಳಿಕೆ ಬರೆದು ಓದಿ ಹೇಳಿದ.

"ಇನ್ನೊಂದು ಸಾಲು ಸೇರಿಸಪ್ಪಾ," ಸಾಹಿತಿಗಳು ಕೈಮುಗಿದರು. "ಈ ಕಾದಂಬರಿ ನನ್ನ ಹೆಂಡತಿಯದು ಅಂತ. ಅಚ್ಚಲ್ಲಿ ಆಗ್ಲಿಲ್ಲ, ನಿಮ್ಮ ಕಾಗದದಲ್ಲಾದ್ರೂ ಇರ್ಲಿ."

"ಕೇಸಿಗೆ ಅದು ಬೇಕಾಗಲ್ಲ ಸಾರ್," ಎಂದ ಪೇದೆ, ಇನ್ಸ್‌ಪೆಕ್ಟರ್ ಕಡೆ ನೋಡುತ್ತಾ.

"ಬರ್ಕೋ," ಎಂದರು ಇನ್ಸ್‌ಪೆಕ್ಟರ್.

ಪೇದೆ ಆಕೆಯ ಹೆಸರು ಕೇಳಿದ. ಸಾಹಿತಿಗಳು ಕಣ್ಣೊರೆಸಿಕೊಂಡು, ತಡೆತಡೆದು ಹೇಳಿದರು. ಹಾಳೆಗಳನ್ನು ಗುರುತಿಸಲು ಬಂದಿದ್ದ ಪ್ರಕಾಶಕರು, ಹತ್ತು ವರ್ಷ ಆಕೆಯ ಕೈಯಿಂದಲೇ ಕಾಫಿ ಕುಡಿದಿದ್ದವರು, ಆ ಹೆಸರನ್ನು ಅವತ್ತೇ ಮೊದಲ ಸಲ ಕೇಳಿದರು.