ಪ್ರಬಂಧದೊಳಗಿನ ತಮ್ಮ

ಅಂದೇ ಮೊದಲ ಸಲ ಹಣೆಗೆ ಕಟ್ಟಿದ, ಭಾಷೆ ಕಲಿಸುವ ‘ಸ್ಮೃತಿಬಂಧ’ವೆಂಬ ಪಟ್ಟಿ ಬೆಚ್ಚಗಾಗುತ್ತಿದ್ದಂತೆ ವನಮಾಲಾಳ ಪೆನ್ನು ಓಡತೊಡಗಿತು. ವರ್ಷಗಟ್ಟಲೆ ಹಟ ಹಿಡಿದು ಕಲಿತರೂ ಒಲಿಯದ ಇಂಗ್ಲಿಷ್ ಈಗ ತಡೆಯಿಲ್ಲದೆ ಹಾಳೆಗೆ ಇಳಿಯುತ್ತಿತ್ತು. ಭೂತಕಾಲದ ಕ್ರಿಯಾಪದ ಒಂದೂ ತಪ್ಪಲಿಲ್ಲ. ಗದಗಿನ ಆ ಸಂಜೆ ತರಗತಿಯಲ್ಲಿ ಎಲ್ಲರೂ ಅದೇ ಪಟ್ಟಿ ಕಟ್ಟಿಕೊಂಡು ‘ನನ್ನ ಬದುಕಿನ ಮರೆಯಲಾಗದ ದಿನ’ದ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಕೊನೆಯ ವಾಕ್ಯಕ್ಕೆ ಬಂದಾಗ ವನಮಾಲಾಳಿಗೆ ಅಳು ಉಕ್ಕಿ ಬಂತು. ತಮ್ಮ ಮುರಳಿ ಕೆರೆಯಲ್ಲಿ ಮುಳುಗಿ ಸತ್ತ ದಿನ ಅದು.

ಮನೆಗೆ ಬಂದವಳೇ ತಾಯಿಯ ಮಡಿಲಲ್ಲಿ ಮುಖವಿಟ್ಟು ಮುರಳಿಯನ್ನು ನೆನೆದು ಬಿಕ್ಕಿದಳು. ಫಕೀರವ್ವ ಮಗಳನ್ನೇ ದಿಟ್ಟಿಸಿದಳು.

“ಯಾವ ಮುರಳಿ ಬೇ? ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ನೀ ಒಬ್ಬಾಕಿ.”

ವನಮಾಲಾ ಥಟ್ಟನೆ ಮಡಿಲಿನಿಂದ ತಲೆಯೆತ್ತಿದಳು. ಅವನ ಒದ್ದೆ ಅಂಗಿ ಹಿಡಿದ ತಣ್ಣನೆಯ ನೆನಪು ಅಂಗೈಯಲ್ಲಿ ಇನ್ನೂ ಇತ್ತು. ಅವ್ವ ಸುಳ್ಳು ಹೇಳುವವಳಲ್ಲ. ಹಾಗಾದರೆ ತನ್ನ ತಲೆಯೇ ಸುಳ್ಳು ಹೇಳುತ್ತಿದೆಯೇ? ಅಪ್ಪ ತೀರಿಕೊಂಡದ್ದಾದರೂ ನಿಜವೇ? ತರಗತಿಯ ಗೆಳತಿ ರಜಿಯಾಳಿಗೆ ಫೋನು ಮಾಡಿದರೆ ಅವಳೂ ಅಳುತ್ತಿದ್ದಳು. ಅವಳ ತಮ್ಮನೂ ಕೆರೆಯಲ್ಲಿ ಮುಳುಗಿದ್ದ. ಅವನ ಹೆಸರೂ ಮುರಳಿ.

ಮರುದಿನ ಸ್ಮೃತಿಬಂಧವನ್ನು ರೂಪಿಸಿದ ಡಾ. ಮಂದಾಕಿನಿ ಸುದ್ದಿ ತಿಳಿದು ಧಾರವಾಡದಿಂದ ತರಗತಿಗೆ ಓಡಿ ಬಂದರು. ಪರಭಾಷೆಯ ಪದಗಳು ಬರಿದೇ ಮನಸ್ಸಿಗೆ ಅಂಟುವುದಿಲ್ಲ, ಅನುಭವಿಸಿದ ಘಟನೆಗೆ ಕಟ್ಟಿದರೆ ಮಾತ್ರ ನಿಲ್ಲುತ್ತವೆ ಎಂದು ಅವರು ವಿವರಿಸಿದರು. ಪ್ರಬಂಧದಲ್ಲಿನ ಘಟನೆಯನ್ನು ಸ್ಮೃತಿಬಂಧ ಮಿದುಳಿನಲ್ಲಿ ಹುಡುಕಿ ಎಬ್ಬಿಸುತ್ತದೆ. ಸಿಗದಿದ್ದರೆ ಮರೆತುಹೋಗಿದೆಯೆಂದು ತಿಳಿದು ತಾನೇ ಹೊಸದಾಗಿ ಕಟ್ಟಿಬಿಡುತ್ತದೆ. ಬರೆಯುವವರು ತಮ್ಮದೇ ಅನುಭವ ಬರೆಯುತ್ತಾರೆಂದು ಅವರು ನಂಬಿದ್ದರಂತೆ.

ಮೇಷ್ಟ್ರಾದ ಅಂಗಡಿ ಸರ್ ತಲೆ ತಗ್ಗಿಸಿದರು. ಕೆರೆಯಲ್ಲಿ ಮುಳುಗುವ ತಮ್ಮನನ್ನು ಕಲ್ಪಿಸಿ ಒಂದು ಪ್ರಬಂಧ ತಾವೇ ಬರೆದು, ವರ್ಷವರ್ಷವೂ ಎಲ್ಲರಿಗೂ ಅದನ್ನೇ ಬಾಯಿಪಾಠ ಮಾಡಿಸುತ್ತ ಬಂದವರು ಅವರು. “ಪರೀಕ್ಷೇದಾಗ ಯಾರ್ರೀ ಸ್ವಂತದ್ದು ಬರೀತಾರ?” ಎಂದರು, ಮೆಲ್ಲಗೆ.

ಆ ನೆನಪನ್ನು ಸ್ಮೃತಿಬಂಧದಿಂದಲೇ ಅಳಿಸುವುದೆಂದು ತೀರ್ಮಾನವಾಯಿತು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ರಜಿಯಾ ನಗುನಗುತ್ತ ಹೊರಬಂದಾಗ ವನಮಾಲಾ ಮುರಳಿಯ ಮಾತೆತ್ತಿದಳು. ಯಾವ ಮುರಳಿ ಎಂದು ರಜಿಯಾ ಕೇಳಿದಳು. ನಿನ್ನೆ ಅವನಿಗಾಗಿ ಗೋಳಾಡಿದ ಮುಖದಲ್ಲಿ ಅವನ ಸುಳಿವೂ ಇರಲಿಲ್ಲ. ವನಮಾಲಾಳಿಗೆ ನಿನ್ನೆಗಿಂತ ಹೆಚ್ಚು ಭಯವಾಯಿತು.

ತನ್ನ ಸರದಿ ಬಂದಾಗ ಅವಳು ಹಣೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಳಿಸಬ್ಯಾಡ್ರಿ ಮೇಡಂ. ಅಂವ ಇನ್ನೊಮ್ಮೆ ಸಾಯ್ತಾನ. ನಾನು ಪ್ರಬಂಧ ತಿದ್ದಿ ಬರೀತೀನಿ.”

ಡಾಕ್ಟರು ಯೋಚಿಸಿದರು. ಹೊಸ ಬರಹ ಹಳೆಯ ನೆನಪಿನ ಮೇಲೆ ಕೂತು ಅದನ್ನು ಮುಚ್ಚುವ ಸಾಧ್ಯತೆಯಿತ್ತು. ಹುಡುಗಿಯ ದುಃಖ ಹೋದರೆ ಸಾಕೆಂದು ಒಪ್ಪಿದರು.

ಬಾಯಿಪಾಠದ ಊರುಗೋಲಿಲ್ಲದೆ ವನಮಾಲಾ ಅಂದು ಮೊದಲ ಬಾರಿಗೆ ಸ್ವಂತ ಇಂಗ್ಲಿಷ್ ಬರೆದಳು. ಕಾಲಗಳು ಹಿಂದುಮುಂದಾದವು, ಕರ್ತೃವಿಗೂ ಕ್ರಿಯೆಗೂ ತಾಳಮೇಳವಿರಲಿಲ್ಲ. ಆದರೂ ಆ ಪ್ರಬಂಧದಲ್ಲಿ ಅವಳು ಕೆರೆಗೆ ಹಾರಿದಳು, ಮುರಳಿಯ ಕೂದಲು ಹಿಡಿದು ದಂಡೆಗೆ ಎಳೆದು ತಂದಳು. ಅವನು ನೀರು ಕಕ್ಕಿ ಕಣ್ಣು ಬಿಟ್ಟ. ಅಂಗಡಿ ಸರ್ ಕೆಂಪು ಪೆನ್ನು ತೆಗೆದವರು ಮತ್ತೆ ಜೇಬಿಗಿಟ್ಟರು. ವನಮಾಲಾಳ ಮುಖ ಅರಳಿತು. ಡಾಕ್ಟರು ನೆಮ್ಮದಿಯಿಂದ ಧಾರವಾಡದ ಬಸ್ಸು ಹತ್ತಿದರು.

ಅಂದು ಊಟದ ಹೊತ್ತಿಗೆ ವನಮಾಲಾ ಮೂರು ತಾಟು ಇಟ್ಟಳು. ತನ್ನ ತಾಟಿನಲ್ಲಿನ ರೊಟ್ಟಿ ಮುರಿಯದೆ ಬಾಗಿಲನ್ನೇ ನೋಡುತ್ತ ಕೂತಳು.

“ಯವ್ವಾ, ಕತ್ತಲಾತು. ಮುರಳಿ ಇನ್ನೂ ಯಾಕ ಬಂದಿಲ್ಲ?”

ಫಕೀರವ್ವ ಅಂಥವನೊಬ್ಬ ಇಲ್ಲವೆನ್ನಲು ಬಾಯಿ ತೆರೆದಳು; ಮಗಳ ಕಣ್ಣು ನೋಡಿ ಖಾಲಿ ತಾಟಿಗೂ ಒಂದು ರೊಟ್ಟಿ ಹಾಕಿದಳು.

“ಬರ್ತಾನ ತಗೊ, ನೀ ಉಣ್ಣು,” ಎಂದು ತಾನೂ ಬಾಗಿಲ ಕಡೆ ನೋಡಿದಳು.