ಗೋಡೆಯೊಳಗಿನ ಓಟ

ಬಸವಕಲ್ಯಾಣದ ನಮ್ಮ ಮನೆಯಲ್ಲಿ ನಾನು ಬಟ್ಟೆ ಹೊಲಿಯುವ ಕೋಣೆಯ ಗೋಡೆಯಾಚೆ ಯಾರೂ ಇಲ್ಲ, ಬೀಗ ಹಾಕಿದ ಮನೆಯಿದೆ. ಒಂದು ಮಧ್ಯಾಹ್ನ ನನ್ನ ಎದೆಬಡಿತ ಒಮ್ಮೆಲೇ ಓಡತೊಡಗಿತು. ಸುಧಾರಿಸಿಕೊಳ್ಳಲು ಗೋಡೆಗೆ ಒರಗಿದೆ. ಗೋಡೆ ಬೆಚ್ಚಗಿತ್ತು, ನನ್ನಷ್ಟೇ ವೇಗದಲ್ಲಿ ಬಡಿಯುತ್ತಿತ್ತು. ನನ್ನದೇ ಎದೆಯ ಸದ್ದು ಎಂದುಕೊಂಡೆ.

ಗಂಡ ಶಾಹಿದ್ ಹುಮನಾಬಾದಿನ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಇಸಿಜಿ ನೋಡಿ, “ಇದಕ್ಕ ಏಟ್ರಿಯಲ್ ಫ್ಲಟರ್ ಅಂತಾರ. ಹೃದಯದ ಮ್ಯಾಲಿನ ಕೋಣಿ ಭಾಳ ಜೋರ್ ಬಡ್ಯಾಕತ್ತಾವ್ರಿ, ಕೆಳಗಿನವು ಅವುಗಳ ಹಿಂದ ಓಡಾಕತ್ತಾವ. ರಕ್ತ ಹೆಪ್ಪುಗಟ್ಟಬಾರ್ದು, ಗುಳಿಗಿ ತಪ್ಪಸಬ್ಯಾಡ್ರಿ,” ಎಂದರು. ಕೆಲವು ವಾರಗಳ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಮಂಪರು ಬರಿಸಿ, ಎದೆಗೆ ಕರೆಂಟ್ ಕೊಟ್ಟು ಬಡಿತವನ್ನು ಹದಕ್ಕೆ ತಂದರು.

ಮನೆಗೆ ಬಂದವಳೇ ಗೋಡೆಗೆ ಕೈಯಿಟ್ಟೆ. ನನ್ನ ನಾಡಿ ಶಾಂತವಾಗಿತ್ತು. ಗೋಡೆ ಇನ್ನೂ ಓಡುತ್ತಿತ್ತು.

“ನೀವೂ ಒಮ್ಮಿ ಮುಟ್ಟಿ ನೋಡ್ರಿ,” ಎಂದೆ.

ಶಾಹಿದ್ ಅಂಗೈ ಊರಿ ಬಹಳ ಹೊತ್ತು ನಿಂತರು. “ಏನೂ ಇಲ್ಲ, ತಣ್ಣಗದ,” ಎಂದರು. ನಾನು ಮತ್ತೆ ಮುಟ್ಟಿದೆ. ನಿಜವಾಗಿಯೂ ತಣ್ಣಗಿತ್ತು, ಸದ್ದಿರಲಿಲ್ಲ.

ಅಂದಿನಿಂದ ಅವರು ಊಟದ ನಡುವೆಯೂ ತಮ್ಮ ಮಣಿಕಟ್ಟು ಒತ್ತಿ ಹಿಡಿಯುತ್ತಾರೆ. ಕೇಳಿದರೆ, “ಸುಮ್ಮನ,” ಎನ್ನುತ್ತಾರೆ.

ಇವತ್ತು ನಾನೇ ಆ ಕೈ ಹಿಡಿದು ನೋಡಿದೆ. ಗೋಡೆಯೊಳಗಿದ್ದ ಅದೇ ಓಟ ನನ್ನ ಬೆರಳಿಗೆ ತಾಕಿತು. ನಾಳೆ ಇಬ್ಬರೂ ಹುಮನಾಬಾದಿಗೆ ಹೊರಟಿದ್ದೇವೆ.